ಚೆಕಿಂಗ್‌ನವನು ಕಾರು ನೋಡಿದ್ದು

ಕೆಲವರಿಗೆ ಆರಿಸುವ ಕಲೆ ಹುಟ್ಟಿನಿಂದಲೇ ಬಂದಿರುತ್ತದೆ. ಸಂತೆಯಲ್ಲಿ ರಾಶಿ ಹಾಕಿದ ಬದನೆಕಾಯಿಗೆ ಕೈ ಹಾಕಿ, ಪಕ್ಕದವರ ಜೊತೆ ಮಾತಾಡುತ್ತಲೇ, ಹುಳುಕಿಲ್ಲದ ಅರ್ಧ ಕೇಜಿ ಎತ್ತಿ ತಕ್ಕಡಿಗೆ ಹಾಕಿಬಿಡುತ್ತಾರೆ. ನನಗೆ ಆ ಭಾಗ್ಯವಿಲ್ಲ. ಹೋಟೆಲಿಗೆ ಹೋದರೆ ತಿಂಡಿಯ ಪಟ್ಟಿಯನ್ನು ಪರೀಕ್ಷೆಯ ಪುಸ್ತಕದ ಹಾಗೆ ಓದುತ್ತೇನೆ. ಸಪ್ಲೈಯರ್ ಬಂದು ನಿಂತು, ಇದ್ದ ಮೇಜನ್ನೇ ಎರಡು ಸಲ ಒರೆಸಿ, ಬೇಸತ್ತು ಹೊರಡುವ ಹೊತ್ತಿಗೆ ಗಾಬರಿಯಿಂದ "ಎರಡು ಇಡ್ಲಿ" ಎಂದು ಕೂಗುತ್ತೇನೆ. ಇಡ್ಲಿ ಬಂದ ಮೇಲೆ ಪಕ್ಕದವನ ದೋಸೆ ನೋಡಿ ಹೊಟ್ಟೆ ಉರಿಯುತ್ತದೆ. ಇಂಥ ಮನುಷ್ಯನಿಗೆ ಕಾರು ಕೊಳ್ಳುವ ಯೋಗ ಬಂದರೆ ಏನಾದೀತು? ಎರಡು ವರ್ಷ ಹಿಡಿಯಿತು, ಅಷ್ಟೇ.

ಎಲ್ಲ ತಪ್ಪೂ ನನ್ನದೇ ಎಂದು ಒಪ್ಪಿಕೊಳ್ಳಲು ನಾನು ಸಿದ್ಧನಿಲ್ಲ. ಅರ್ಧ ತಪ್ಪು ನನ್ನ ಕೆಲಸದ್ದು. ದಾವಣಗೆರೆ ಬಿಟ್ಟು ತಿರುಪ್ಪೂರಿಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿನ ಒಂದು ಬನಿಯನ್ ಕಂಪನಿಯಲ್ಲಿ ನಾನು ಚೆಕಿಂಗ್‌ನವನು. ಹೊರದೇಶಕ್ಕೆ ಹೋಗುವ ಟೀ ಶರ್ಟುಗಳನ್ನು ದೀಪದ ಕೆಳಗೆ ಹರಡಿ, ಹೊಲಿಗೆ ಬಿಟ್ಟಿದೆಯೇ, ಎಣ್ಣೆಯ ಕಲೆ ಇದೆಯೇ, ಒಂದು ತೋಳು ಇನ್ನೊಂದಕ್ಕಿಂತ ನೂಲಿನಷ್ಟು ಉದ್ದವಿದೆಯೇ ಎಂದು ನೋಡಿ, ತಪ್ಪು ಕಂಡಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ನನ್ನ ಹೊಟ್ಟೆಪಾಡು. ತಪ್ಪು ಹುಡುಕಿದಷ್ಟೂ ಒಳ್ಳೆಯ ಹೆಸರು. ಹೀಗಾಗಿ ಮದುವೆ ಮನೆಯಲ್ಲಿ ವರನ ಕೈ ಕುಲುಕುವಾಗಲೂ ನನ್ನ ಕಣ್ಣು ಅವನ ಅಂಗಿಯ ಕಾಲರಿನ ಮೇಲೇ ಇರುತ್ತದೆ.

ಕಾರಿನ ಮಾತು ಎದ್ದದ್ದು ಸ್ಕೂಟರಿನಿಂದ. ನಮ್ಮದು ನಾಲ್ಕು ಜನರ ಸಂಸಾರ, ಒಂದೇ ಸ್ಕೂಟರು. ಮಗ ಚಿರಾಗ್ ಮುಂದೆ ನಿಲ್ಲುತ್ತಿದ್ದ, ಮಗಳು ಅನನ್ಯಾ ನಮ್ಮಿಬ್ಬರ ನಡುವೆ ಚಟ್ನಿಯಾಗುತ್ತಿದ್ದಳು, ಹೆಂಡತಿ ಸುಮಾ ಹಿಂದೆ ಮಿಕ್ಕ ನಾಲ್ಕು ಬೆರಳು ಜಾಗದಲ್ಲಿ ದೇವರ ಮೇಲೆ ಭಾರ ಹಾಕಿ ಕೂರುತ್ತಿದ್ದಳು. ಒಂದು ಮಳೆಯ ಸಂಜೆ ಅವಿನಾಶಿ ರಸ್ತೆಯಲ್ಲಿ ಸ್ಕೂಟರ್ ಜಾರಿತು. ದೊಡ್ಡದೇನೂ ಆಗಲಿಲ್ಲ, ಚಿರಾಗನ ಮಂಡಿ ತರಚಿತು, ಸುಮಾಳ ಮೊಣಕೈ ಊದಿತು. ಆದರೆ ಬಿದ್ದ ನಮ್ಮ ಪಕ್ಕದಲ್ಲೇ, ಒಂದು ಮಾರು ದೂರದಲ್ಲಿ, ಬಸ್ಸಿನ ಹಿಂದಿನ ಚಕ್ರ ಹಾದುಹೋಯಿತು. ಅದನ್ನು ನಾನೂ ನೋಡಿದೆ, ಅವಳೂ ನೋಡಿದಳು. ಮನೆಗೆ ಬಂದು ಮಗನ ಗಾಯಕ್ಕೆ ಅರಿಶಿನ ಹಚ್ಚುತ್ತಾ ಅವಳು, "ಇನ್ನು ಮಕ್ಕಳನ್ನ ಇದರ ಮೇಲೆ ಹತ್ತಿಸಲ್ಲ ರೀ. ಕಾರು ತಗೊಳ್ಳೋವರೆಗೂ ನಾವು ಮೂವರು ಬಸ್ಸಲ್ಲೇ ಓಡಾಡ್ತೀವಿ," ಎಂದಳು. ಕೂಗಲಿಲ್ಲ, ಅಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಅಂದಿನಿಂದ ಒಂದೇ ಮದುವೆಗೆ ನಾವು ಎರಡು ಪಾರ್ಟಿಯಾಗಿ ಹೋಗತೊಡಗಿದೆವು. ಅವರು ಮೂವರು ಟೌನ್ ಬಸ್ಸಿನಲ್ಲಿ, ನಾನು ಅದರ ಹಿಂದೆ ಸ್ಕೂಟರಿನಲ್ಲಿ, ಹೊಗೆ ಕುಡಿಯುತ್ತಾ. ಹಿಂದಿನ ಗಾಜಿನಿಂದ ಮಕ್ಕಳು ಕೈ ಬೀಸುತ್ತಿದ್ದರು. ನಾನೂ ಬೀಸುತ್ತಿದ್ದೆ. ಮೊದಮೊದಲು ತಮಾಷೆಯಾಗಿತ್ತು. ಆರು ತಿಂಗಳಾದ ಮೇಲೆ ತಮಾಷೆ ಉಳಿಯಲಿಲ್ಲ. ನನ್ನ ಹೆಂಡತಿ ಮಕ್ಕಳಿಗೆ ನಾನು ಟಾಟಾ ಮಾಡಿಕೊಂಡು ಹಿಂದೆ ಹಿಂದೆ ಹೋಗುವುದೆಂದರೇನು!

ಹಾಗಾದರೆ ಬೇಗ ಒಂದು ಕಾರು ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೇಳುವುದು ಸುಲಭ. ನಮ್ಮ ಕಂಪನಿಯಲ್ಲಿ ನಾನು ಬಾಯಿ ತಪ್ಪಿ "ಕಾರು" ಎಂದದ್ದೇ ತಡ, ಎಲ್ಲರೂ ಪಂಡಿತರಾದರು. ಕಟಿಂಗ್ ಮಾಸ್ಟರ್ ಪೆಟ್ರೋಲ್ ಎಂದರು. ಅವರ ಸಹಾಯಕ, ಪೆಟ್ರೋಲ್ ಕಾರು ಕೊಂಡವನು ಬಂಕಿನವನಿಗೆ ಮಾವನಾದಂತೆ, ಕೊಡುತ್ತಲೇ ಇರಬೇಕು, ಗ್ಯಾಸಿಂದೇ ತಗೊಳ್ಳಿ ಎಂದ. ಮ್ಯಾನೇಜರರು ಬ್ಯಾಟರಿ ಕಾರಿನ ಗುಣಗಾನ ಮಾಡಿದರು. ನಮ್ಮ ಬಾಡಿಗೆ ಮನೆಯಲ್ಲಿ ಮೊಬೈಲ್ ಚಾರ್ಜಿಗೇ ಮೂರು ಜನ ಕಾದಾಡುವುದು ಅವರಿಗೇನು ಗೊತ್ತು. ಒಬ್ಬ ಮೈಲೇಜ್ ನೋಡು ಎಂದರೆ ಇನ್ನೊಬ್ಬ ಏರ್‌ಬ್ಯಾಗ್ ಎಣಿಸು ಎಂದ. ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬರು ಮಾತ್ರ, ಮುದುಕರು ಬಗ್ಗದೆ ಹತ್ತುವಂತಿದೆಯೇ ನೋಡಿ ಎಂದರು. ಮುದುಕರು ಸದ್ಯಕ್ಕೆ ನಮ್ಮ ಮನೆಯಲ್ಲಿಲ್ಲ, ಆದರೆ ನಾನು ತೆಗೆದುಕೊಳ್ಳುವ ವೇಗ ನೋಡಿದರೆ ನಾನೇ ಆ ಸ್ಥಾನ ತುಂಬುವಂತಿತ್ತು.

ಶೋರೂಮಿಗೆ ಹೋದರೆ ಇನ್ನೊಂದು ಮಾಯೆ. ನಮ್ಮ ಕೈಗೆ ಎಟುಕುವ ಕಾರಿನಲ್ಲಿ ಹಿಂದಿನ ಕಿಟಕಿಗೆ ಕೈಯಲ್ಲಿ ತಿರುಗಿಸುವ ಹಿಡಿ. "ಇನ್ನೊಂಚೂರು ಸೇರಿಸಿದರೆ ಸಾರ್, ಬಟನ್ ಬರುತ್ತೆ," ಎಂದ ಮಾರುವ ಹುಡುಗ. ಬಟನ್ನಿಗೆ ಮನಸ್ಸು ಒಪ್ಪಿಸಿದರೆ, ಇನ್ನೊಂಚೂರು ಸೇರಿಸಿದರೆ ಹಿಂದೆ ಕ್ಯಾಮೆರಾ. ಹೀಗೆ ಒಂಚೂರು ಒಂಚೂರು ಏರಿ ಏರಿ, ಸಂಜೆಯ ಹೊತ್ತಿಗೆ ನಾನು ಆಕಾಶ ಕಾಣುವ ಚಾವಣಿಯ ಕಾರಿನೊಳಗೆ ಕೂತು ಮೋಡ ನೋಡುತ್ತಿದ್ದೆ. ಸುಮಾ ಹೊರಗಿನಿಂದ ಗಾಜು ತಟ್ಟಿ, "ಇಳೀರಿ, ನಮ್ಮ ಬಸ್ಸಿಗೆ ಹೊತ್ತಾಯ್ತು," ಎಂದಳು.

ಈ ಗೊಂದಲವನ್ನೆಲ್ಲ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದವರು ನಮ್ಮ ಮನೆ ಮಾಲೀಕರು ರಂಗಸಾಮಿ ಅಣ್ಣ. ಕಾರಮಡೈ ಕಡೆಯ ಬಾಳೆ ತೋಟದವರು, ಈಗ ತಿರುಪ್ಪೂರಿನಲ್ಲಿ ನೂಲಿನ ವ್ಯಾಪಾರ. ಮನೆಮಾತು ಕನ್ನಡ, ಕನ್ನಡದ ಒಂದಕ್ಷರ ಓದಲು ಬಾರದು, ಮಾತಿಗೆ ಮಾತ್ರ ಬರವಿಲ್ಲ. "ಏನುಂಗ ಸಾರ್, ಇನ್ನೂ ಮುಡಿವು ಮಾಡಿಲ್ವಾ, ಯಾವ ಕಾರು ಅಂತ? ನಮ್ಮ ಅಪ್ಪಾರು ಎತ್ತು ತಗಬೇಕಾದ್ರೆ ಹಲ್ಲು ನೋಡೋರು, ನಡೆ ನೋಡೋರು, ಅಷ್ಟೇನುಂಗ. ನೀವು ಎತ್ತಿನ ಜಾತಕನೇ ಕೇಳ್ತೀರಲ್ಲ!" ಎಂದರು. ಆಮೇಲೆ ಅವರೇ ಒಂದು ದಾರಿ ತೋರಿಸಿದರು. ಈ ಕಡೆ ಹೆಣ್ಣು ಒಪ್ಪುವುದಿರಲಿ, ಬೋರ್‌ವೆಲ್ ಕೊರೆಸುವುದಿರಲಿ, ಅಮ್ಮನ ಗುಡಿಯಲ್ಲಿ ಹೂವು ಕೇಳುತ್ತಾರೆ. ಒಂದು ಪೊಟ್ಟಣದಲ್ಲಿ ಬಿಳಿ ಹೂವು, ಇನ್ನೊಂದರಲ್ಲಿ ಕೆಂಪು. ಮಗುವಿನ ಕೈಯಲ್ಲಿ ಒಂದನ್ನು ಎತ್ತಿಸುವುದು. ಬಿಳಿ ಬಂದರೆ ಆಗಬಹುದು, ಕೆಂಪು ಬಂದರೆ ಬೇಡ.

ಶುಕ್ರವಾರ ಹೋದೆವು. ಕಾರು ತೆಗೆದುಕೊಳ್ಳಬಹುದೇ ಎಂದು ಕೇಳಿ ಚಿರಾಗನಿಂದ ಎತ್ತಿಸಿದೆವು. ಬಿಳಿ ಹೂವು! ರಂಗಸಾಮಿ ಅಣ್ಣ ಕೈ ಮುಗಿದು ಹೊರಡಲು ಎದ್ದರು. ನಾನು ಹೊರಡಲಿಲ್ಲ. ಜೇಬಿನಿಂದ ಏಳು ಕಾರುಗಳ ಪಟ್ಟಿ ತೆಗೆದು, ಒಂದೊಂದಕ್ಕೂ ಕೇಳಿಬಿಡೋಣ ಎಂದೆ. ಕೇಳಿದೆವು. ನಾಲ್ಕಕ್ಕೆ ಬಿಳಿ, ಮೂರಕ್ಕೆ ಕೆಂಪು. ಈ ನಾಲ್ಕರೊಳಗೆ ಯಾವುದು ಎಂದು ಮತ್ತೆ ಕಟ್ಟಿ ಕೊಡಿ ಎಂದಾಗ ಪೂಜಾರಿಯವರು ತಟ್ಟೆಯನ್ನು ಕೆಳಗಿಟ್ಟು ತಮಿಳಿನಲ್ಲಿ ಏನೋ ಹೇಳಿದರು. ಅಣ್ಣ ನಗು ತಡೆದುಕೊಂಡು ನನಗೆ ಹೇಳಿದರು: "ಅಮ್ಮ ತಗೋ ಅಂದಾಯ್ತಂತೆ. ಯಾವ ವಂಡಿ ಅಂತ ಹೇಳಕ್ಕೆ ಅವಳೇನು ಏಜೆಂಟಾ ಅಂತ ಕೇಳ್ತಾರೆ ಸಾರ್." ಹಿಂದೆ ಸಾಲಿನಲ್ಲಿ ಹೆಣ್ಣಿನ ಕಡೆಯವರು ಹೂವು ಕೇಳಲು ಕಾಯುತ್ತಿದ್ದರು. ನಾನು ಪಟ್ಟಿ ಮಡಿಸಿಕೊಂಡು ಹೊರಬಂದೆ.

ಕೊನೆಗೆ ಒಂದು ಭಾನುವಾರ ಅಣ್ಣನೇ ನಮ್ಮೆಲ್ಲರನ್ನೂ ಕೊಯಮತ್ತೂರಿನ ಹಳೇ ಕಾರುಗಳ ಅಂಗಡಿಗೆ ಕರೆದೊಯ್ದರು. ಅಲ್ಲಿ ಒಂದು ಬಿಳಿ ಕಾರು. ಏಳು ವರ್ಷದ್ದು, ಒಬ್ಬರೇ ಓಡಿಸಿದ್ದು. ಮದುಕ್ಕರೈ ಕಡೆಯ ನಿವೃತ್ತ ಮೇಷ್ಟ್ರದು. ಬೆಲೆ ನಮ್ಮ ಅಳತೆಗೆ ಸರಿಯಾಗಿತ್ತು. ಅಣ್ಣನ ಪರಿಚಯದ ಮೆಕ್ಯಾನಿಕ್ ಇಂಜಿನ್ನು, ಬ್ರೇಕು, ಅಡಿಭಾಗ ಎಲ್ಲ ನೋಡಿ ಗಟ್ಟಿ ವಂಡಿ ಎಂದ. ಸುಮಾಳ ಮುಖ ಅರಳಿತು. ನನಗೆ ಎಲ್ಲಿಯ ಸಮಾಧಾನ! ಜೇಬಿನಲ್ಲಿ ಕೆಂಪು ಬಾಣದ ಸ್ಟಿಕ್ಕರಿನ ಹಾಳೆ ಇತ್ತು. ಬೇಕೆಂದು ತಂದದ್ದಲ್ಲ, ನನ್ನ ಎಲ್ಲ ಪ್ಯಾಂಟಿನ ಜೇಬಿನಲ್ಲೂ ಅದು ಇದ್ದೇ ಇರುತ್ತದೆ. ಕೈ ತನ್ನಷ್ಟಕ್ಕೆ ತಾನೇ ಕೆಲಸ ಶುರು ಮಾಡಿತು. ಬಾಗಿಲಲ್ಲಿ ಗೀರು, ಒಂದು ಬಾಣ. ಬಂಪರಿನಲ್ಲಿ ತಗ್ಗು, ಒಂದು ಬಾಣ. ಸೀಟಿನ ಹೊಲಿಗೆ ಎರಡು ಕಡೆ ಬಿಟ್ಟಿತ್ತು, ಅದಕ್ಕೆ ಎರಡು. ಆ ಹೊಲಿಗೆ ಮಾತ್ರ ನಿಜಕ್ಕೂ ಅನ್ಯಾಯವಾಗಿತ್ತು. ತಲೆ ಎತ್ತಿ ನೋಡುವಷ್ಟರಲ್ಲಿ ಆ ಬಡಪಾಯಿ ಕಾರಿಗೆ ಮೈತುಂಬ ಅಮ್ಮ ಎದ್ದಂತಾಗಿತ್ತು. ಅಂಗಡಿಯವರು ಓಡಿ ಬಂದು, "ಅಯ್ಯೋ ಸಾರ್, ಎನ್ನ ಪಣ್ಣಿ ವೆಚ್ಚಿರುಕ್ಕೀಂಗ!" ಎಂದು, ಇದೇನು ಮಾಡಿಟ್ಟಿರಿ ಎನ್ನುವಂತೆ ತಲೆಯ ಮೇಲೆ ಕೈ ಹೊತ್ತರು.

ಸುಮಾ ಮೊದಲನೆಯ ಬಾಣದ ಹತ್ತಿರ ಹೋದಳು. "ಈ ಗೀರಿದ್ರೆ ಕಾರು ಓಡಲ್ವಾ?"

"ಓಡುತ್ತೆ, ಆದ್ರೆ..."

ಪರ್ರನೆ ಕಿತ್ತಳು. "ಈ ತಗ್ಗಿದ್ರೆ ಮಕ್ಕಳು ಬೀಳ್ತಾರಾ?"

"ಇಲ್ಲ, ಆದ್ರೂ..."

ಅದನ್ನೂ ಕಿತ್ತಳು. ಹೀಗೆ ಕೇಳುತ್ತಾ ಕೀಳುತ್ತಾ ಕಾರನ್ನು ಒಂದು ಸುತ್ತು ಹಾಕಿದಳು. ಕೊನೆಗೆ ಸವೆದ ಒಂದು ಟೈರಿನ ಮೇಲಿನದು, ವೈಪರಿನ ಮೇಲಿನದು, ಎರಡೇ ಉಳಿದವು. "ಇವೆರಡೂ ಹೊಸದು ಹಾಕಿಕೊಡ್ತಾರಂತೆ," ಎಂದಳು. ಆಮೇಲೆ ನನ್ನ ಎದುರು ನಿಂತು, ತಗ್ಗಿದ ದನಿಯಲ್ಲಿ, "ರೀ, ನನ್ನ ಮಕ್ಕಳ ಮೈಮೇಲಿರೋ ಅಂಗಿ ಯಾವುದು ಹೇಳಿ. ನೀವು ರಿಜೆಕ್ಟ್ ಮಾಡಿ, ಕಂಪನಿಯವರು ಅಗ್ಗಕ್ಕೆ ಕೊಟ್ಟಿದ್ದು. ಹನ್ನೊಂದು ವರ್ಷದಿಂದ ಮನೆಮಂದಿಯೆಲ್ಲ ಅದನ್ನೇ ಹಾಕ್ತಿದೀವಿ. ಒಂದಾದ್ರೂ ಹರಿದಿದೆಯಾ?" ಎಂದು ಕೇಳಿದಳು. ನಾನು ನನ್ನ ಟೀ ಶರ್ಟನ್ನೇ ನೋಡಿಕೊಂಡೆ. ಬಲತೋಳು ನೂಲಿನಷ್ಟು ಉದ್ದವಿದ್ದದ್ದು. ಆರನೇ ವರ್ಷ ನಡೆಯುತ್ತಿತ್ತು.

"ಅಮ್ಮಿಣಿ ಹೇಳಿದ್ದು ಸರಿ ಸಾರ್," ಎಂದು ಸುಮಾಳ ಕಡೆ ಕೈ ತೋರಿಸಿ ಅಣ್ಣ ತೀರ್ಪು ಕೊಟ್ಟರು. ಅಂಗಡಿಯವರು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, ಒಂದು ರೌಂಡ್ ಓಡಿಸಿ ನೋಡಿ ಎಂದರು.

ಇಲ್ಲಿ ನಾನೊಂದು ಗುಟ್ಟು ಬಿಡಬೇಕು. ಇಷ್ಟು ಹೊತ್ತು ಬಾಯಿ ಬಿಡಲು ನಾಚಿಕೆಯಾಗಿತ್ತು. ನನ್ನ ಹತ್ತಿರ ಲೈಸೆನ್ಸ್ ಇತ್ತು. ಕಾರು ಓಡಿಸಲು ಬರುತ್ತಿರಲಿಲ್ಲ. ಮದುವೆಗೆ ಮುಂಚೆ ದಾವಣಗೆರೆಯಲ್ಲಿ ಹೇಗೋ ಕಲಿತು ಪಾಸಾದವನು, ಆಮೇಲೆ ಸ್ಟಿಯರಿಂಗ್ ಮುಟ್ಟಿದವನಲ್ಲ. ಹೆಣ್ಣು ನೋಡಲು ಹೋದಾಗ ಡ್ರೈವಿಂಗ್ ಗೊತ್ತು ಎಂದು ನಮ್ಮ ಅತ್ತೆಯ ಎದುರು ಕೊಚ್ಚಿಕೊಂಡಿದ್ದೆ. ಸುಮಾ ಇಷ್ಟು ವರ್ಷ ಅದನ್ನೇ ನಂಬಿದ್ದಳು. ಎರಡು ವರ್ಷ ಪೆಟ್ರೋಲೋ ಗ್ಯಾಸೋ ಎಂದು ನಾನು ತಲೆ ಕೆಡಿಸಿಕೊಂಡದ್ದು ಸುಳ್ಳಲ್ಲ, ಆದರೆ ಅದರ ಅಡಿಯಲ್ಲಿ ಇದ್ದದ್ದು ಹೆದರಿಕೆ. ಕಾರು ಬಂದರೆ ಓಡಿಸಬೇಕಲ್ಲ! ಸ್ಕೂಟರಿನಿಂದಲೇ ಮಕ್ಕಳನ್ನು ಬೀಳಿಸಿದವನು ನಾನು. ಆ ಬಸ್ಸಿನ ಚಕ್ರ ನನ್ನ ಕಣ್ಣಿಂದ ಹೋಗಿರಲೇ ಇಲ್ಲ.

ಬೀಗದ ಕೈ ಹಿಡಿದು ಅಲ್ಲೇ ನಿಂತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಎಲ್ಲರೆದುರಿಗೆ. "ನನಗೆ ಓಡ್ಸಕ್ಕೆ ಬರಲ್ಲ ಸುಮಾ," ಎಂದೆ. ಬೈಯುತ್ತಾಳೆಂದು ಕಾದೆ. ಅವಳು, "ಇದನ್ನ ಎರಡು ವರ್ಷದ ಹಿಂದೆ ಹೇಳಿದ್ರೆ ನಾನಾದ್ರೂ ಕಲೀತಿದ್ನಲ್ಲ ರೀ," ಎಂದು ಬೀಗದ ಕೈ ತೆಗೆದುಕೊಂಡಳು. ಅಂದು ಕಾರನ್ನು ಮನೆಗೆ ತಂದವರು ಅಣ್ಣ. ಮರುದಿನವೇ ಗಂಡ ಹೆಂಡತಿ ಇಬ್ಬರೂ ಡ್ರೈವಿಂಗ್ ಸ್ಕೂಲಿಗೆ ಸೇರಿದೆವು. ಕ್ಲಚ್ ಬಿಡಲೋ ಬೇಡವೋ ಎಂದು ನಾನು ಯೋಚಿಸುವುದರೊಳಗೆ ಇಂಜಿನ್ ಆರಿಹೋಗುತ್ತಿತ್ತು. ಸುಮಾ ಎರಡು ತಿಂಗಳಲ್ಲಿ ಲೈಸೆನ್ಸ್ ತಂದಳು. ನಾನು ಇನ್ನೂ ಹೋಗುತ್ತಿದ್ದೇನೆ.

ಮೊನ್ನೆ ಅಣ್ಣನ ತಂಗಿಯ ಮನೆಯ ಗೃಹಪ್ರವೇಶವಿತ್ತು. ನಾವು ಬೆಳಿಗ್ಗೆ ಬೇಗ ಹೊರಟೆವು. ದಾರಿಯಲ್ಲಿ ಮಳೆ ಹಿಡಿಯಿತು. ಸುಮಾ ಓಡಿಸುತ್ತಿದ್ದಳು, ಹಿಂದೆ ಮಕ್ಕಳು ಜಗಳವಾಡುತ್ತಿದ್ದರು, ಹೊಸ ವೈಪರು ಗಾಜನ್ನು ಒರೆಸುತ್ತಿತ್ತು, ನಾಲ್ಕು ಜನರಲ್ಲಿ ಒಬ್ಬರೂ ನೆನೆದಿರಲಿಲ್ಲ. ನನಗಾದ ಸಂತೋಷವನ್ನು ಹೇಳಲಾರೆ. ಅನ್ನೂರು ದಾಟಿದ ಮೇಲೆ ರಸ್ತೆ ಎರಡಾಯಿತು, ಫೋನಿನಲ್ಲಿ ನೆಟ್‌ವರ್ಕ್ ಇಲ್ಲ. "ರೀ, ಎಡಕ್ಕೋ ಬಲಕ್ಕೋ, ಬೇಗ ಹೇಳಿ," ಎಂದಳು ಸುಮಾ. "ಎಡಗಡೇದು ಹತ್ತಿರ ಅನ್ಸುತ್ತೆ, ಆದರೆ ಸಣ್ಣದು. ಬಲಗಡೇದು ಅಗಲ ಇದೆ, ಆದರೆ..." ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಅವಳು ಎಡಕ್ಕೆ ತಿರುಗಿಸಿಯೇ ಬಿಟ್ಟಳು. ಮಕ್ಕಳು ಚಪ್ಪಾಳೆ ತಟ್ಟಿದರು. ಯಜಮಾನನಾಗಿ ನನಗೂ ಒಂದು ಮರ್ಯಾದೆ ಬೇಡವೇ? "ನಾನೂ ಎಡಕ್ಕೇ ಅಂತಿದ್ದೆ. ಆಗಲೇ ತೀರ್ಮಾನ ಮಾಡಿದ್ದೆ," ಎಂದೆ, ಗಟ್ಟಿಯಾಗಿಯೇ.

ಆ ರಸ್ತೆ ಎರಡು ಫರ್ಲಾಂಗು ಹೋಗಿ, ಯಾರದೋ ಬಾಳೆ ತೋಟದ ಪಂಪ್‌ಸೆಟ್ಟಿನ ಎದುರು ಮುಗಿಯಿತು. ಸುಮಾ ಇಂಜಿನ್ ಆರಿಸಿದಳು. ಅವಳು ಪಂಪ್‌ಸೆಟ್ಟನ್ನು ನೋಡಿದಳು, ನನ್ನನ್ನು ನೋಡಿದಳು, ನಗು ತಡೆಯಲಾರದೆ ಸ್ಟಿಯರಿಂಗಿಗೆ ಹಣೆ ಒತ್ತಿ ಹೇಳಿದಳು: "ಜೀವನದಲ್ಲಿ ಒಂದೇ ಒಂದು ಸಲ ತಟ್ಟಂತ ತೀರ್ಮಾನ ಮಾಡಿದ್ರಿ ರೀ. ಅದೂ ನಾನು ಮಾಡಿದ ಮೇಲೆ."