ಅತ್ತೆಯ ಪ್ರಾರ್ಥನೆಯಲ್ಲಿ ನನ್ನ ಸುದ್ದಿ

ದೇವರಿಗೆ ಎಲ್ಲವೂ ಗೊತ್ತು ಎನ್ನುವುದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಗೊತ್ತಿರಲಿ, ಅದು ಅವನ ಕೆಲಸ. ಆದರೆ ದೇವರಿಗೆ ಗೊತ್ತಿರುವುದೆಲ್ಲ ಚಿಕ್ಕಬಳ್ಳಾಪುರದವರಿಗೂ ಗೊತ್ತಾಗಬೇಕೆ ಎನ್ನುವುದಷ್ಟೇ ನನ್ನ ಪ್ರಶ್ನೆ. ಈ ಪ್ರಶ್ನೆ ಹುಟ್ಟಿದ್ದು ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿ ಸುಗುಣಳ ತಾಯಿ ಎಸ್ತೇರಮ್ಮನವರು, ನಮ್ಮ ಮನೆಗೆ ಬಂದ ಮೇಲೆ. ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆ ಹುಳು ಸಾಕಿಕೊಂಡಿದ್ದವರು, “ಮೊಮ್ಮಗಳನ್ನ ನೋಡ್ಕೊಂಡು ಎರಡು ದಿನ ಇದ್ದು ಹೋಗ್ತೀನಿ” ಎಂದು ಬಂದರು. ಆ ಎರಡು ದಿನ ಇನ್ನೂ ಮುಗಿದಿಲ್ಲ. ಮುಗಿಯುವುದು ಬೇಡವೆಂದು ಈಗ ನಾನೇ ಹೇಳುತ್ತೇನೆ. ಆದರೆ ಹಾಗೆ ಹೇಳುವ ಮಟ್ಟಕ್ಕೆ ಬರಲು ನಾನು ಸಾಕಷ್ಟು ಮರ್ಯಾದೆ ಕಳೆದುಕೊಳ್ಳಬೇಕಾಯಿತು.

ನಮ್ಮ ಚರ್ಚು ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಭಾನುವಾರ ಪ್ರಸಂಗಕ್ಕೆ ಮುಂಚೆ ಪಾಸ್ಟರು “ಯಾರಾದರೂ ಇಬ್ಬರು ಮೂವರು ಪ್ರಾರ್ಥಿಸಿ” ಎಂದು ಹೇಳಿ ಕಣ್ಣು ಮುಚ್ಚುತ್ತಾರೆ. ಮೊದಲೆಲ್ಲ ಆಗ ಒಂದು ಹಿತವಾದ ಮೌನ ಇರುತ್ತಿತ್ತು. ಪಕ್ಕದವರು ಶುರು ಮಾಡಲಿ ಎಂದು ಎಲ್ಲರೂ ಕಾಯುತ್ತಿದ್ದರು, ಆ ಮೌನದಲ್ಲಿ ನಾನು ಒಂದು ಸಣ್ಣ ನಿದ್ದೆ ತೆಗೆಯುತ್ತಿದ್ದೆ. ಅತ್ತೆ ಬಂದ ಮೇಲೆ ಅದಕ್ಕೆ ಕಲ್ಲು ಬಿತ್ತು. ಪಾಸ್ಟರು ಕಣ್ಣು ಮುಚ್ಚುವುದೇ ತಡ, ಅತ್ತೆ ಎದ್ದು ನಿಂತು ಸೆರಗು ತಲೆಗೆ ಎಳೆದುಕೊಂಡು ಪ್ರಾರಂಭಿಸುತ್ತಾರೆ. ಹುಳದ ತಟ್ಟೆಗಳನ್ನು ಒಂದೊಂದಾಗಿ ಎಳೆದು, ಯಾವುದು ಸೊಪ್ಪು ತಿಂದಿದೆ, ಯಾವುದು ಮಂಕಾಗಿದೆ ಎಂದು ನೋಡುತ್ತಾ ಹೋಗುವ ಹಾಗೆ ಮನೆಮಂದಿಯನ್ನೆಲ್ಲ ದೇವರಿಗೆ ತೋರಿಸುತ್ತಾ ಹೋಗುತ್ತಾರೆ. ಮಗಳಾಯಿತು, ಮೊಮ್ಮಗಳಾಯಿತು, ಆಮೇಲೆ ನನ್ನ ಸರದಿ.

“ಪ್ರಭುವಾ, ನಮ್ಮ ಅಳಿಯ ಪ್ರಭಾಕರನ್ನ ನಿನ್ನ ಪಾದಕ್ಕೆ ತಂದಿದೀನಿ. ಸಕ್ಕರೆ ಕಾಯಿಲೆ ಅಂತ ಡಾಕ್ಟ್ರು ಬಾಯಿ ಬಡ್ಕೊಂಡ್ರೂ ಬಸ್ ಸ್ಟ್ಯಾಂಡಲ್ಲಿ ನಿಂತ್ಕೊಂಡು ಜಿಲೇಬಿ ತಿಂತಾನೆ ನಾಯನಾ. ಮನೆಗೆ ಬಂದು ಏನೂ ತಿಂದಿಲ್ಲ ಅಂತಾನೆ. ಮೀಸೇಲಿ ಪಾಕ ಇರ್ತದೆ. ನೀನೇ ನೋಡ್ಕೋ.”

ಎದುರಿಗೆ ನನ್ನನ್ನು “ಅಳಿಯಂದ್ರೇ, ಬನ್ನಿ, ಕೂತ್ಕೊಳ್ಳಿ” ಎಂದು ಕರೆಯುವ ಅತ್ತೆ ದೇವರ ಮುಂದೆ ಮಾತ್ರ ನನ್ನನ್ನು ತಮ್ಮ ಮಡಿಲ ಮಗುವಿನ ಹಾಗೆ “ಅವನು, ಇವನು” ಎನ್ನುತ್ತಾರೆ. ಸಭೆಯವರು ಭಕ್ತಿಯಿಂದ “ಆಮೆನ್” ಎನ್ನುತ್ತಾರೆ. ಅಂದು ಆರಾಧನೆ ಮುಗಿದ ಮೇಲೆ ಕೈಕುಲುಕಿದವರೆಲ್ಲ ಮೊದಲು ನನ್ನ ಮೀಸೆ ನೋಡಿದರು. ಹೀಗೆ ವಾರಕ್ಕೊಂದರಂತೆ ನನ್ನ ಗೊರಕೆ, ನನ್ನ ಮಂಡಿ ನೋವು, ನಾನು ಗೀಸರ್ ರಿಪೇರಿಗೆ ಕೈ ಹಾಕಿ ಅದನ್ನೇ ಸುಟ್ಟಿದ್ದು, ಎಲ್ಲವೂ ಮೇಲಕ್ಕೆ ಹೋದವು, ಹೋಗುವ ದಾರಿಯಲ್ಲಿ ಎಲ್ಲರ ಕಿವಿಗೂ ಬಿದ್ದವು.

ಸಹಿಸಿಕೊಂಡಿದ್ದೆ. ಆದರೆ ಒಂದು ಭಾನುವಾರ ಅತ್ತೆ, “ನಮ್ಮ ಅಳಿಯನಿಗೆ ಧೈರ್ಯ ಕೊಡು ಪ್ರಭುವಾ. ಪ್ರಿನ್ಸಿಪಾಲ್ರನ್ನ ಮನೇಲಿ ಕೂತ್ಕೊಂಡು ಹುಲಿ ಥರ ಬೈತಾನೆ, ಅವ್ರ ಮುಂದೆ ಹೋದ್ರೆ ಬೆಕ್ಕಿನ ಮರಿ ಆಗ್ತಾನೆ” ಎಂದುಬಿಟ್ಟರು. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ. ನಮ್ಮ ಕಾಲೇಜಿನ ಗುಮಾಸ್ತ ಸ್ಟೀಫನ್ ನಮ್ಮ ಹಿಂದಿನ ಬೆಂಚಿನಲ್ಲೇ ಕೂರುತ್ತಾನೆ. ಅವನ “ಆಮೆನ್” ಅಂದು ಎಲ್ಲರಿಗಿಂತ ಜೋರಾಗಿತ್ತು. ಸೋಮವಾರ ಹಾಜರಿ ಹಾಕಲು ಹೋದರೆ ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನೋಡಿ, “ಏನ್ ಪ್ರಭಾಕರ್, ಧೈರ್ಯ ಬಂತೇನ್ರೀ?” ಎಂದರು. ನಾನು ಬೆಕ್ಕಿನ ಮರಿಯ ಹಾಗೆಯೇ ಹೊರಗೆ ಬಂದೆ.

ಅಂದು ಸಂಜೆ ಹುಲಿಯಾಗಿ ಮನೆಗೆ ಹೋದೆ. ಅತ್ತೆ ಅಂಗಳದಲ್ಲಿ ಕೂತಿದ್ದರು. “ಅತ್ತೆ, ಇನ್ಮೇಲೆ ನನ್ನ ವಿಷಯ ನೀವು ದೇವರಿಗೆ ಹೇಳೋದು ಬೇಡ. ನಾನೇ ನೇರವಾಗಿ ಮಾತಾಡ್ಕೋತೀನಿ” ಎಂದೆ. ಅವರು ನನ್ನ ಮುಖ ನೋಡಿದರು. “ಆಗ್ಲಿ ಅಳಿಯಂದ್ರೇ, ನಿಮ್ಮಿಷ್ಟ” ಎಂದರು. ಅಷ್ಟು ಸುಲಭವಾಗಿ ಒಪ್ಪುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಒಳಗಿನಿಂದ ಸುಗುಣ, “ಮಾಡ್ಕೊಂಡ್ರಾ? ಅನುಭವಿಸಿ” ಎಂದಳು. ಆ ಮಾತಿನ ಅರ್ಥ ಆಗ ನನಗೆ ಹೊಳೆಯಲಿಲ್ಲ.

ಮುಂದಿನ ಭಾನುವಾರ ಅತ್ತೆ ಎಂದಿನಂತೆ ಎದ್ದರು. ಮಗಳು ಬಂದಳು, ಮೊಮ್ಮಗಳು ಬಂದಳು, ನಾನು ಉಸಿರು ಬಿಗಿಹಿಡಿದೆ. ಪಕ್ಕದ ಮನೆ ಬಾನುಬೀ ಅವರ ಬೆನ್ನು ನೋವು ಬಂತು. ಬೀದಿ ಕೊನೆಯಲ್ಲಿ ಗಾಡಿಗೆ ಸಿಕ್ಕಿ ಕುಂಟುತ್ತಿದ್ದ ನಾಯಿಯೂ ಬಂತು. “ಆಮೆನ್” ಎಂದು ಕೂತರು. ನಾನು ಬರಲೇ ಇಲ್ಲ. ಗೆದ್ದೆ ಎಂದು ಬೀಗಬೇಕಿತ್ತು, ಆಗಲಿಲ್ಲ. ನಾಯಿಗೆ ಸಿಕ್ಕ ಭಾಗ್ಯ ನನಗೆ ಸಿಗಲಿಲ್ಲವಲ್ಲ ಎನ್ನಿಸಿತು. ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೂ ಮಂಡಿಕಲ್ ಕಡೆಯ ನಿವೃತ್ತ ಲೆಕ್ಕದ ಮೇಷ್ಟ್ರೂ ಆದ ಯೋಹಾನಪ್ಪ ನನ್ನನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ, “ಏನ್ ಸಾರ್, ಅತ್ತೆಗೂ ನಿಮಗೂ ಮಾತಿಲ್ವಾ? ಮನೇಲಿ ಏನಾದ್ರೂ ಆಯ್ತಾ?” ಎಂದು ಪಿಸುಗುಟ್ಟಿದರು. ಮೊದಲು ನನ್ನ ಜಿಲೇಬಿಯಷ್ಟೇ ಸುದ್ದಿಯಾಗಿತ್ತು, ಈಗ ನನ್ನ ಸಂಸಾರವೇ ಸುದ್ದಿಯಾಯಿತು.

ಆಮೇಲಿನ ವಾರಗಳಲ್ಲಿ ಒಂದೊಂದೇ ಅರ್ಥವಾಗುತ್ತಾ ಬಂತು. ಮಂಡಿ ನೋವೆಂದು ಅತ್ತೆ ಪ್ರಾರ್ಥಿಸಿದ ವಾರವೇ ಯೋಹಾನಪ್ಪ ಊರಿನಿಂದ ಎಣ್ಣೆ ಕಾಯಿಸಿ ತಂದುಕೊಟ್ಟಿದ್ದರು. ಗೀಸರ್ ಸುಟ್ಟದ್ದು ಕೇಳಿ ಸ್ಟೀಫನ್ ತನ್ನ ಭಾವಮೈದನನ್ನು ಕಳಿಸಿ ಸರಿ ಮಾಡಿಸಿದ್ದ. ಸಕ್ಕರೆ ಕಾಯಿಲೆಯ ಪ್ರಾರ್ಥನೆಯಾದ ಮೇಲೆ ಯಾರ ಮನೆಯ ಹುಟ್ಟುಹಬ್ಬಕ್ಕೆ ಹೋದರೂ ನನಗೆಂದೇ ಒಂದು ತಟ್ಟೆ ಖಾರ ಬೇರೆ ಇಟ್ಟಿರುತ್ತಿದ್ದರು. ಇದೆಲ್ಲ ನನ್ನ ವ್ಯಕ್ತಿತ್ವಕ್ಕೆ ಸಿಕ್ಕ ಗೌರವ ಎಂದು ನಾನು ಭಾವಿಸಿದ್ದೆ. ಈಗ ಎಣ್ಣೆ ಮುಗಿಯಿತು, ಮಂಡಿ ಹಿಡಿದುಕೊಂಡಿತು, ಕೇಳುವವರಿಲ್ಲ. ಕೇಳಲಿ ಎಂದು ಚರ್ಚಿನ ಮೆಟ್ಟಿಲ ಮೇಲೆ ಸ್ವಲ್ಪ ಹೆಚ್ಚಾಗಿಯೇ ಕುಂಟಿದೆ. ಎಲ್ಲರೂ ಆ ನಾಯಿ ಹೇಗಿದೆ ಎಂದು ಅತ್ತೆಯನ್ನು ವಿಚಾರಿಸಿಕೊಂಡು ಹೋದರು.

ಆದರೆ ನನಗೆ ನಿಜವಾಗಿ ನೋವಾದದ್ದು ಮಂಡಿಯಲ್ಲಲ್ಲ. ನಮ್ಮಮ್ಮ ಇದ್ದಾಗ ಬೆಳಗಿನ ಜಾವ ಒಲೆ ಹಚ್ಚುವಾಗ ನನ್ನ ಹೆಸರು ಹೇಳಿಕೊಂಡು ಏನೋ ಬೇಡಿಕೊಳ್ಳುತ್ತಿದ್ದಳು. ನಾನು ಹೊದಿಕೆಯೊಳಗೆ ಅದನ್ನು ಕೇಳಿಸಿಕೊಂಡು ಮತ್ತೆ ನಿದ್ದೆ ಹೋಗುತ್ತಿದ್ದೆ. ಅವಳು ಹೋದ ಮೇಲೆ ನನ್ನ ಹೆಸರು ಹಿಡಿದು ದೇವರಲ್ಲಿ ಜಗಳಕ್ಕೆ ನಿಲ್ಲುವವರು ಭೂಮಿಯ ಮೇಲೆ ಒಬ್ಬರೇ ಉಳಿದಿದ್ದರು. ಅವರ ಬಾಯನ್ನು ನಾನೇ ಮುಚ್ಚಿಸಿದ್ದೆ. ಇದು ಅರಿವಾದ ದಿನ ತರಗತಿಯಲ್ಲಿ ಪಾಠ ಮುಂದೆ ಸಾಗಲಿಲ್ಲ, ನೀರು ಕುಡಿಯುವ ನೆಪದಲ್ಲಿ ಹೊರಗೆ ಬಂದೆ.

ಅತ್ತೆ ಮಾತ್ರ ಕೋಪ ಮಾಡಿಕೊಂಡಿರಲಿಲ್ಲ. ಬಿಸಿ ಮುದ್ದೆಯನ್ನು ನನಗೇ ಮೊದಲು ಬಡಿಸುತ್ತಿದ್ದರು. ದಿನಾ ಸಂಜೆ, “ಅಳಿಯಂದ್ರೇ, ದೇವರ ಹತ್ರ ಮಾತಾಡಿದ್ರಾ?” ಎಂದು ಕೇಳುತ್ತಿದ್ದರು, ಬ್ಯಾಂಕಿನ ಕೆಲಸ ಆಯಿತಾ ಎಂದು ಕೇಳುವ ಧಾಟಿಯಲ್ಲಿ. “ಇಲ್ಲ ಅತ್ತೆ, ಪೇಪರ್ ತಿದ್ದೋದಿತ್ತು” ಎಂದು ನಾನು ಜಾರಿಕೊಳ್ಳುತ್ತಿದ್ದೆ.

ಅವರೆಕಾಯಿ ಕಾಲ ಬಂತು. ಒಂದು ದಿನ ಕಾಲೇಜಿನಿಂದ ಬಂದಾಗ ಮನೆಯೆಲ್ಲ ಸೊಗಡಿನ ವಾಸನೆ. ಅತ್ತೆ ಮಧ್ಯಾಹ್ನವೆಲ್ಲ ಕೂತು ಕಾಳು ಹಿತುಕಿದ್ದರು. ಹಿತುಕಿದ ಬೇಳೆ ಸಾರೆಂದರೆ ನಾನು ಪ್ರಾಣ ಬಿಡುತ್ತೇನೆ ಎಂದು ಅವರಿಗೆ ಗೊತ್ತು. ಸಂಜೆ ಮನೆಯ ಪ್ರಾರ್ಥನೆಗೆ ಚಾಪೆ ಹಾಸಿ ಎಲ್ಲರೂ ಕೂತೆವು. ನಾನೇ ಧೈರ್ಯ ಮಾಡಿ, “ಇವತ್ತು ನಾನು ಮಾಡ್ತೀನಿ” ಎಂದೆ. ಮಗಳು ಶೀಬಾ ಮೊಬೈಲು ಕೆಳಗಿಟ್ಟು ನನ್ನನ್ನೇ ನೋಡಿದಳು.

“ಸರ್ವಶಕ್ತನೂ ಕರುಣಾಮಯನೂ ಆದ ಪರಲೋಕದ ತಂದೆಯೇ” ಎಂದು ಗಂಭೀರವಾಗಿ ಆರಂಭಿಸಿದೆ. ಅಲ್ಲಿಗೆ ಸರಕು ಮುಗಿಯಿತು. ವರ್ಷಗಟ್ಟಲೆ ಮಾತು ಮಾರಿಯೇ ಸಂಬಳ ಎಣಿಸಿದವನಿಗೆ ಮುಂದೆ ಒಂದು ಮಾತೂ ಹುಟ್ಟಲಿಲ್ಲ. ಬೆವರಿದೆ. ಕುಕ್ಕರ್ ಕೂಗಿತು. ಬೇರೇನೂ ತೋಚದೆ ಆ ದಿನ ನಡೆದದ್ದನ್ನೇ ಹೇಳತೊಡಗಿದೆ. “ಬೆಳಿಗ್ಗೆ ಸ್ನಾನಕ್ಕೆ ಬಿಸಿನೀರು ಸಿಕ್ಕಿತು, ಸ್ತೋತ್ರ. ಯಾರೋ ನನ್ನ ಸ್ವೆಟರ್ ಬಿಸಿಲಿಗೆ ಹಾಕಿದ್ದರು, ಸ್ತೋತ್ರ. ಅತ್ತೆಯ ಹೆಬ್ಬೆರಳಿನ ಉಗುರು ಕಾಳು ಹಿತುಕಿ ಹಿತುಕಿ ಹಸಿರಾಗಿದೆ, ಸ್ತೋತ್ರ.” ಚಾಪೆಯ ಅಂಚು ಕೀಳುತ್ತಾ ಮುಂದುವರಿದೆ. “ಅವರ ಬಾಯಲ್ಲಿ ನನ್ನ ಹೆಸರು ಬರದೆ ನನಗೆ ಕಷ್ಟ ಆಗ್ತಿದೆ ಪ್ರಭು. ಅವರು ಮೊದಲಿನ ಥರಾನೇ ನಿನ್ನ ಹತ್ರ ಮಾತಾಡಲಿ.”

ಕಣ್ಣು ಮುಚ್ಚಿಕೊಂಡೇ ಅತ್ತೆ, “ಪ್ರಭುವಾ, ಜಿಲೇಬಿ ವಿಷಯ ಅವನು ಹೇಳ್ಲಿಲ್ಲ ನೋಡು. ಮೊನ್ನೇನೂ ತಿಂದಿದಾನೆ” ಎಂದರು. ಶೀಬಾ ಕಿಸಕ್ಕೆಂದಳು. ಸುಗುಣ ಕಣ್ಣೊರೆಸಿಕೊಂಡು ಸಾರು ನೋಡಲು ಎದ್ದಳು. ನಾನು ತಲೆ ತಗ್ಗಿಸಿ ಕೂತಿದ್ದೆ, ಅಷ್ಟು ಖುಷಿಯಾಗಿತ್ತು.

ಆ ಭಾನುವಾರ ಅತ್ತೆ ಎದ್ದು ನಿಂತಾಗ ನಾನು ಬೆಂಚಿನ ತುದಿಗೆ ಸರಿದು ಕೂತೆ. ಮಗಳಾಯಿತು, ಮೊಮ್ಮಗಳಾಯಿತು, ಆಮೇಲೆ ಸೆರಗು ಸರಿಮಾಡಿಕೊಂಡರು. “ಪ್ರಭುವಾ, ನಮ್ಮ ಅಳಿಯ ಪ್ರಭಾಕರ” ಎಂದರು. ನನ್ನ ಕಣ್ಣಲ್ಲಿ ನೀರು ಬಂತು. “ಅವನಿಗೆ ಪ್ರಾರ್ಥನೆ ಮಾಡಕ್ಕೆ ಬರಲ್ಲ ನಾಯನಾ. ಕಾಲೇಜಲ್ಲಿ ಮೇಷ್ಟ್ರು, ನಿನ್ನ ಮುಂದೆ ನಾಲ್ಕು ಮಾತಾಡೋಕೆ ಬೆವರ್ತಾನೆ. ಆದ್ರೂ ಒಳ್ಳೇ ಮನಸ್ಸಿಂದ ಮಾಡ್ದ, ಕೇಳಿಸ್ಕೋ.” ಸಭೆಯೆಲ್ಲ “ಆಮೆನ್” ಎಂದಿತು. ಹಿಂದಿನ ಬೆಂಚು ಎರಡು ಸಲ ಎಂದಿತು.

ಹೊರಗೆ ಬರುತ್ತಿದ್ದಂತೆ ಯೋಹಾನಪ್ಪ ನನ್ನ ಭುಜದ ಮೇಲೆ ಕೈ ಹಾಕಿದರು. “ಸಾರ್, ಬೇಜಾರು ಮಾಡ್ಕೋಬೇಡಿ. ಶನಿವಾರ ಸಾಯಂಕಾಲ ನಾನು ಫ್ರೀ. ಮನೆಗೇ ಬಂದು ಹೇಳ್ಕೊಡ್ತೀನಿ.” ಬೇಡವೆನ್ನಲು ಬಾಯಿ ಬರಲಿಲ್ಲ. ಈಗ ಪ್ರತಿ ಶನಿವಾರ ಲೆಕ್ಕದ ಮೇಷ್ಟ್ರ ಮುಂದೆ ಕನ್ನಡ ಮೇಷ್ಟ್ರಾದ ನಾನು ಕೈಕಟ್ಟಿ ಕೂತು ಮಾತು ಕಲಿಯುತ್ತಿದ್ದೇನೆ. ನನ್ನ ಪ್ರಗತಿಯನ್ನು ಅತ್ತೆ ಭಾನುವಾರ ದೇವರಿಗೆ ವರದಿ ಮಾಡುತ್ತಾರೆ. ಸದ್ಯಕ್ಕೆ ನಾನು ಜಸ್ಟ್ ಪಾಸಂತೆ.