ಅತ್ತೆ ಹೂಡಿದ ಪ್ರೆಸ್ಸಿನ ಪಾಠ

ನಮ್ಮ ಸೋದರತ್ತೆಗೆ ‘ಆಗೋಲ್ಲ’ ಎಂಬ ಮಾತೊಂದು ಮಾತ್ರ ಕೇಳಿಸುತ್ತಿರಲಿಲ್ಲ. ಕಿವುಡು ಎಂದುಕೊಂಡೀರಿ! ಚಾಮರಾಜಪೇಟೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು, ಅಡುಗೆಮನೆಯಲ್ಲಿ ಬೆಕ್ಕು ಹಾಲಿನ ಮುಚ್ಚಳ ಸರಿಸಿದ್ದನ್ನು ಕೇಳಿಸಿಕೊಳ್ಳುವ ಕಿವಿ ಅದು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಎಸ್ಸೆಸ್ಸೆಲ್ಸಿಯಲ್ಲಿ ನಾನೂ ನಮ್ಮ ಬೀದಿಯ ಇನ್ನೂ ಕೆಲವು ಹುಡುಗಿಯರೂ ಲೆಕ್ಕದಲ್ಲಿ ಫೇಲಾದೆವು. ಗಂಡುಹುಡುಗ ಫೇಲಾದರೆ ಮತ್ತೆ ಪರೀಕ್ಷೆ, ಹೆಣ್ಣು ಫೇಲಾದರೆ ಮದುವೆ. ಆಗಿನ ಶಿಕ್ಷೆಯೇ ಹಾಗೆ! ಅಪ್ಪ ನನ್ನ ಜಾತಕ ಹುಡುಕತೊಡಗಿದರು.

“ಲೆಕ್ಕ ಬರಲಿಲ್ಲ ಅಂತ ಗಂಡನ್ನ ತರ್ತೀಯೇನೋ? ಇದ್ಯಾವ ಲೆಕ್ಕವೋ!” ಎಂದಳು ಅತ್ತೆ.

ಅಂದಿದ್ದಷ್ಟೇ ಅಲ್ಲ, ನೇರ ನಮ್ಮ ಹೆಡ್‌ಮಿಸ್ಟ್ರೆಸ್ಸರ ಮನೆಗೆ ಹೋಗಿ, ಅವರನ್ನು ಕೈಹಿಡಿದು ಪಕ್ಕದ ಬೀದಿಯ ಪ್ರೆಸ್ಸಿಗೆ ಕರೆತಂದಳು. ಅಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸಲು ಜನ ಸಿಗುತ್ತಿಲ್ಲವೆಂಬ ಸುದ್ದಿ ಅವಳ ಕಿವಿಗೆ ಬಿದ್ದಿತ್ತು.

“ಸ್ಕೂಲಿಗೂ ಪ್ರೆಸ್ಸಿಗೂ ಏನಮ್ಮಾ ಸಂಬಂಧ?” ಎಂದರು ಹೆಡ್‌ಮಿಸ್ಟ್ರೆಸ್.

“ನೀವು ಪುಸ್ತಕ ಓದಿಸ್ತೀರಿ, ಇವರು ಪುಸ್ತಕ ಅಚ್ಚುಹಾಕ್ತಾರೆ. ನಮ್ಮ ಬೀಗರೂ ನಮಗೆ ಇಷ್ಟು ಹತ್ತಿರ ಇಲ್ಲ!”

ಕೊನೆಗೆ ಒಪ್ಪಂದವಾಯಿತು. ಫೇಲಾದ ನಮಗೆಲ್ಲ ಬೆಳಿಗ್ಗೆ ಶಾಲೆಯಲ್ಲಿ ಲೆಕ್ಕದ ಪಾಠ, ಮಧ್ಯಾಹ್ನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಪಾಠ. ಆದರೆ ಪ್ರೆಸ್ಸಿನ ಯಜಮಾನರು ತಲೆ ಕೆರೆದುಕೊಂಡರು: “ಕಲಿಯೋ ಕೈಗೆ ಕೊಡೋಕೆ ಸಣ್ಣಪುಟ್ಟ ಕೆಲಸ ಬೇಕಲ್ಲ ತಾಯಿ?”

ಅತ್ತೆ ನನ್ನನ್ನೂ ಎಳೆದುಕೊಂಡು ತರಗುಪೇಟೆಗೆ ನಡೆದಳು. ಅಲ್ಲಿ ಹಣೆ ತುಂಬ ವಿಭೂತಿ ಧರಿಸಿ ಕೂತಿದ್ದ ಮಂಡಿಯ ಸಾಹುಕಾರರ ಮುಂದೆ ಒಂದು ಹಿಡಿ ಬೇಳೆ ತೆಗೆದುಕೊಂಡು, ಅದರಲ್ಲಿದ್ದ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಅವರ ಗಾದಿಯ ಮೇಲೆ ಸಾಲಾಗಿ ಇಟ್ಟಳು.

“ನೀವೊಂದು ಕರಪತ್ರ ಅಚ್ಚುಹಾಕಿಸ್ಬೇಕು ಸಾಹುಕಾರ್ರೇ.”

“ಯಾತಕ್ಕಮ್ಮಾ?”

“ಬೇಳೇಲಿ ಕಲ್ಲಿಲ್ಲ ಅಂತ ಜನಕ್ಕೆ ಹೇಳೋಕೆ!”

ಸಾಹುಕಾರರು ಹೊಟ್ಟೆ ಕುಲುಕಿಸಿ ನಕ್ಕರು. ಕರಪತ್ರದ ಕೆಲಸ ಕೊಟ್ಟಿದ್ದಲ್ಲದೆ, “ನಮ್ಮ ಮಗಳೂ ಮನೇಲೇ ಕೂತಿದಾಳೆ. ಸೇರಿಸ್ಕೊಳ್ತೀರಾ?” ಎಂದು ಮೆಲ್ಲಗೆ ಕೇಳಿದರು.

ಆ ಮೊದಲ ಕರಪತ್ರವನ್ನು ಜೋಡಿಸಿದವಳು ನಾನೇ. ‘ಹುಳು, ಕಲ್ಲು, ಕಸ ಇಲ್ಲದ ತೊಗರಿಬೇಳೆ ನಮ್ಮಲ್ಲಿ ದೊರೆಯುತ್ತದೆ’ ಎಂದಿರಬೇಕಿತ್ತು. ಗಡಿಬಿಡಿಯಲ್ಲಿ ‘ಇಲ್ಲದ’ ಬಿಟ್ಟುಹೋಯಿತು! ಪ್ರೂಫ್ ನೋಡಿ ಸಾಹುಕಾರರ ಮುಖ ಬಿಳಿಚಿಕೊಂಡಿತು. ಅತ್ತೆ ಇಣುಕಿ ನೋಡಿ, “ಇದ್ದದ್ದನ್ನೇ ಹಾಕಿದಾಳೆ ಬಿಡಿ!” ಎಂದಳು.

ಬೀದಿ ಸುಮ್ಮನಿದ್ದೀತೇ? ಹೆಣ್ಣುಮಕ್ಕಳ ಕೈಗೆ ಮಸಿ, ಮನೆತನದ ಮುಖಕ್ಕೂ ಮಸಿ ಎಂದಿತು. ಅಪ್ಪ ಅವಸರದಿಂದ ಮಲ್ಲೇಶ್ವರದ ಗಂಡಿನ ಕಡೆಯವರನ್ನು ಕರೆಸಿದರು.

“ಹಾಡು ಬರುತ್ತೇನಮ್ಮಾ?” ಎಂದು ಗಂಡಿನ ತಾಯಿ ನನ್ನನ್ನು ಕೇಳಿದರೆ, ಉತ್ತರ ಕೊಟ್ಟಿದ್ದು ಅತ್ತೆ. “ಅಚ್ಚುಮೊಳೆ ಜೋಡಿಸೋಕೆ ಬರುತ್ತೆ. ನಿಮ್ಮ ಹುಡುಗನಿಗೆ ಏನು ಬರುತ್ತೆ?”

“ಅವನಿಗೇನ್ರೀ, ಸರ್ಕಾರಿ ಕೆಲಸ!”

“ಅದು ಸರ್ಕಾರ ಕೊಟ್ಟಿದ್ದು. ಅವನಿಗೇನು ಬರುತ್ತೆ?”

ತಟ್ಟೆಯ ಕೇಸರಿಭಾತು ತಟ್ಟೆಯಲ್ಲೇ ಉಳಿಯಿತು. ಅವರು ಗೇಟು ದಾಟುವುದನ್ನೇ ಕಾದಿದ್ದ ಅಪ್ಪ ಗುಡುಗಿದರು: “ಅಕ್ಕಾ, ನಾಳೆಯಿಂದ ಇವಳಿಗೆ ಪ್ರೆಸ್ಸಿಲ್ಲ. ಇದು ನನ್ನ ಮನೆ. ನನ್ನ ಮಾತು ಮೀರಿದ್ರೆ ಇಬ್ಬರಿಗೂ ಇಲ್ಲಿ ಜಾಗವಿಲ್ಲ!”

ನಾನು ಹಿತ್ತಲಿನಲ್ಲಿ ಕೂತು ಅತ್ತುಬಿಟ್ಟೆ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅತ್ತೆಗೆ, ಈ ಮನೆ ಬಿಟ್ಟರೆ ಹೋಗಲು ಬೇರೆ ಎಲ್ಲಿತ್ತು?

ಮುಂದೆ ನಾನು ಲೆಕ್ಕದಲ್ಲೂ ಪಾಸಾದೆ, ಅದೇ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ಕೆಲಸಕ್ಕೂ ಸೇರಿದೆ. ಆದರೆ ಮನಸ್ಸು ಮತ್ತೆ ಮತ್ತೆ ಹೋಗುವುದು ಮರುದಿನದ ಆ ಗಳಿಗೆಗೇ. ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದರು. ಅತ್ತೆ ಸೆರಗು ಬಿಗಿದು, “ಏಳೇ, ಪ್ರೆಸ್ಸಿಗೆ ಹೊತ್ತಾಯ್ತು” ಎಂದು ನನ್ನ ಕೈ ಹಿಡಿದು ನಡೆದಳು. ಮುಖದಲ್ಲಿ ಎಂದಿನ ಗತ್ತೇ. ಆದರೆ ನನ್ನ ಕೈಯೊಳಗಿನ ಅವಳ ಕೈ ಬೆವೆತು ತಣ್ಣಗಾಗಿತ್ತು.

ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಪ್ಪ ಪಕ್ಕಕ್ಕೆ ಸರಿದರು.