ದೊಡ್ಡಮ್ಮನ ಕತ್ತರಿ, ಅಮ್ಮನ ಸೀರೆ

ನಮ್ಮ ದೊಡ್ಡಮ್ಮ ಮಾಲೂರಿನಿಂದ ಬರುತ್ತಿದ್ದಾರೆ ಎಂದರೆ ಕೋಲಾರದ ನಮ್ಮ ಮನೆಯಲ್ಲಿ ಒಡವೆಯ ಬೀರು ತೆರೆದೇ ಇರುತ್ತದೆ. ಬೀಗ ಬೀಳುವುದು ಬಟ್ಟೆಯ ಬೀರುವಿಗೆ! ನನ್ನ ಅಮ್ಮನ ಅಕ್ಕನಾದ ಈ ಮಹಾತಾಯಿ ಯಾರ ಚಿನ್ನವನ್ನೂ ಕಣ್ಣೆತ್ತಿ ನೋಡಿದವರಲ್ಲ. ಆದರೆ ಸೊಂಟದಲ್ಲಿ ಕತ್ತರಿಯಿಲ್ಲದೆ ಹೊಸಿಲು ದಾಟಿದವರೂ ಅಲ್ಲ. ಅವರು ಬೊಂತೆ ಹೊಲಿಯುತ್ತಾರೆ. ಅಂದರೆ ಹಳೆಯ ಸೀರೆ, ಪಂಚೆ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಸೇರಿಸಿ ಕೈಯಲ್ಲೇ ಹೊಲಿಯುವ ಹೊದಿಕೆ. ಯಾವುದು ಹಳೆಯದು ಎಂದು ತೀರ್ಮಾನಿಸುವವರು ಮಾತ್ರ ಅವರೇ.

ಒಮ್ಮೆ ನಮ್ಮವರು ಚೌಕಳಿ ಲುಂಗಿ ಉಟ್ಟು ಕಾಫಿ ಕುಡಿಯುತ್ತಿದ್ದರು. ದೊಡ್ಡಮ್ಮ ಅವರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

“ಅಳಿಯಂದಿರೇ, ಇದನ್ನ ಯಾವಾಗ ಬಿಸಾಕ್ತೀರಾ?”

“ಮೊನ್ನೆ ತಾನೇ ತಂದಿದ್ದು ಅತ್ತೆ!”

“ಪರವಾಗಿಲ್ಲ, ಕಾಯ್ತೀನಿ” ಎಂದು ಎದುರಿಗೇ ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟರು! ಅವರು ಊರಿಗೆ ಹೋಗುವ ತನಕ ನಮ್ಮವರು ಮನೆಯೊಳಗೂ ಪ್ಯಾಂಟು ಹಾಕಿಕೊಂಡೇ ಓಡಾಡಿದರು.

ಕಲಾವಿದರಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ? ಬೇರೆಯವರದು ನನಗೆ ಗೊತ್ತಿಲ್ಲ, ನಮ್ಮ ದೊಡ್ಡಮ್ಮನಿಗೆ ಬರುವುದು ಇಟ್ಟಿಗೆ ಗೂಡಿನಿಂದ. ಮಾಲೂರಿನ ಸುತ್ತ ಅವಕ್ಕೇನು ಬರವೇ? ಹಸಿ ಇಟ್ಟಿಗೆಯನ್ನು ಸಾಲುಸಾಲಾಗಿ, ಗಾಳಿಯಾಡಲು ಸಂದು ಬಿಟ್ಟು ಜೋಡಿಸುವುದನ್ನು ನೋಡುತ್ತಾ ಬಿಸಿಲಲ್ಲಿ ನಿಂತುಬಿಡುತ್ತಾರೆ. ಗೂಡಿನ ಯಜಮಾನ ಓಡಿ ಬಂದು, “ಎಷ್ಟು ಲೋಡ್ ಬೇಕಮ್ಮಾ?” ಎಂದರೆ, “ಒಂದೂ ಬೇಡಪ್ಪ, ನೋಡ್ಕೊಂಡು ಹೋಗ್ತೀನಿ” ಎಂಬ ಉತ್ತರ. ಹಾಗೆ ನೋಡಿ ಬಂದು ಹೊಲಿದ ಇಟ್ಟಿಗೆ ಬೊಂತೆಯನ್ನು ಮೊದಲು ಹೊದ್ದವರು ದೊಡ್ಡಪ್ಪ. ಬೆಳಿಗ್ಗೆ ಎದ್ದು, “ಎದೆ ಮೇಲೆ ಗೋಡೆ ಬಿದ್ದಂಗಿತ್ತು ಕಣೇ” ಎಂದು ಗೊಣಗಿದರಂತೆ. ದೊಡ್ಡಮ್ಮ ಅದನ್ನು ಹೊಗಳಿಕೆ ಎಂದೇ ಊರೆಲ್ಲ ಹೇಳಿಕೊಂಡು ಬಂದರು.

ನನ್ನ ಮಗಳು ಫೋನಿನಲ್ಲಿ ಆರ್ಟ್ ಕ್ವಿಲ್ಟ್‌ಗಳ ವಿಡಿಯೋ ತೋರಿಸಿದಳು. ಬಟ್ಟೆಯಲ್ಲೇ ಬೆಟ್ಟ, ಹೊಳೆ, ಹಕ್ಕಿ! ದೊಡ್ಡಮ್ಮ ಕನ್ನಡಕ ಏರಿಸಿ ಒಂದೊಂದು ಹೊಲಿಗೆಯನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದರು. ತುಂಡಿನ ಅಂಚನ್ನು ಕಾಣದಂತೆ ಒಳಗೆ ಮಡಚುವುದನ್ನು ಕಲಿತೂಬಿಟ್ಟರು. ಕೊನೆಗೆ, “ಇದನ್ನ ಹೊದ್ಕೊಂಡ್ರೆ ಬೆಚ್ಚಗಿರುತ್ತೇನೇ?” ಎಂದರು.

“ಹೊದ್ಕೊಳ್ಳಲ್ಲ ಅಜ್ಜಿ, ಗೋಡೆಗೆ ನೇತು ಹಾಕ್ತಾರೆ.”

“ಯಾಕೆ? ಗೋಡೆಗೆ ಚಳಿಯಾ?”

ತುಂಡು ಜೋಡಿಸುವುದರಲ್ಲಂತೂ ದೊಡ್ಡಮ್ಮನ ಶಾಸ್ತ್ರವೇ ಬೇರೆ. ಬಣ್ಣಕ್ಕೆ ಬಣ್ಣ ಒಪ್ಪುತ್ತದೆಯೇ ಎಂದು ಅವರು ನೋಡುವುದಿಲ್ಲ. ನಮ್ಮ ಚಿಕ್ಕಪ್ಪನಿಗೂ ಸೋದರಮಾವನಿಗೂ ಬೋರ್‌ವೆಲ್ ವಿಷಯಕ್ಕೆ ಜಗಳವಾಗಿ ಮಾತು ನಿಂತಿತ್ತು. ಇಬ್ಬರ ಅಂಗಿಯ ತುಂಡುಗಳನ್ನೂ ದೊಡ್ಡಮ್ಮ ಅಕ್ಕಪಕ್ಕ ಇಟ್ಟು, ಎರಡೆಳೆ ದಾರ ಹಾಕಿ ಗಟ್ಟಿಯಾಗಿ ಹೊಲಿದರು!

“ದೊಡ್ಡಮ್ಮ, ಅವರಿಬ್ರೂ ಮುಖ ಕೊಟ್ಟು ಮಾತಾಡಲ್ಲ!”

“ಅವರು ಆಡ್ದಿದ್ರೆ ಬಿಡ್ಲಿ. ಅಂಗಿಗಳಿಗೇನು ಜಗಳ?”

ಇಂಥ ದೊಡ್ಡಮ್ಮನೇ ಜಗಳದಲ್ಲಿ ಸಿಕ್ಕಿಹಾಕಿಕೊಂಡರು. ಅದೂ ಸ್ವಂತ ತಂಗಿಯ ಜೊತೆ.

ಮದುವೆಯಾಗಿ ಹೋದ ನನ್ನ ಮಗಳು ಬಸುರಿಯಾದಳು. ತಾಯಿ ಮಗು ಇಬ್ಬರೂ ಹೊದೆಯುವಂಥ ದೊಡ್ಡ ಬೊಂತೆ ಹೊಲಿಯಲು ದೊಡ್ಡಮ್ಮ ಕುಳಿತರು. ನಡುವೆ ಮಾತ್ರ ಉರಿಯುವ ಗೂಡಿನ ಬಾಯಲ್ಲಿ ಕಾಣುವ ಕೆಂಪೇ ಬರಬೇಕು ಎಂಬ ಹಟ. ಆ ಕೆಂಪು ಎಲ್ಲಿ ಸಿಕ್ಕಬೇಕು? ಸುಗಟೂರಿನ ಅಮ್ಮನ ಮನೆಯ ಮಾಳಿಗೆಯ ಮೇಲೆ! ಮದುವೆಯಾದ ಹೊಸತರಲ್ಲಿ ಅಪ್ಪ ತಂದುಕೊಟ್ಟಿದ್ದ ರೇಷ್ಮೆ ಸೀರೆಯನ್ನು ಅಮ್ಮ ಗಾಳಿಗೆ ಹರವಿದ್ದಳು. ಅಪ್ಪ ಹೋದ ಮೇಲೆ ಅವಳು ಅದನ್ನು ಉಟ್ಟಿರಲಿಲ್ಲ. ದೊಡ್ಡಮ್ಮ ಮಾಳಿಗೆಯಿಂದ ಇಳಿದಾಗ ಸೀರೆ ಒಂದು ಗೇಣು ಕಡಿಮೆಯಾಗಿತ್ತು.

“ಸೊಂಟಕ್ಕೆ ಸಿಕ್ಕಿಸ್ತೀವಲ್ಲ, ಆ ತುದಿ ಕಣೇ! ಯಾರಿಗೆ ಕಾಣುತ್ತೆ?” ಎಂಬುದು ದೊಡ್ಡಮ್ಮನ ವಾದ.

“ನನಗೆ ಕಾಣುತ್ತೆ. ಇನ್ನು ನಮ್ಮನೆ ಹೊಸಿಲು ತುಳೀಬೇಡ” ಎಂದಳು ಅಮ್ಮ.

ಅಲ್ಲಿಗೆ ಮಾತು ನಿಂತಿತು. ಹಬ್ಬಗಳು ಬಂದವು, ಹೋದವು. ಇವರ ಫೋನು ಅವರಿಗೆ ಹೋಗದು, ಅವರದು ಇವರಿಗೆ ಬಾರದು. ಎಲ್ಲ ನನ್ನ ಮೂಲಕವೇ! ತಮಾಷೆ ಮಾಡುತ್ತಿದ್ದೇನೆ, ಆದರೆ ನನಗೆ ನಿಜವಾಗಿ ಭಯವಾಗಿತ್ತು. ಈ ವಯಸ್ಸಿನಲ್ಲಿ ಮುನಿಸು ಹೀಗೇ ಉಳಿದುಬಿಟ್ಟರೆ ಏನು ಗತಿ?

ಹೆರಿಗೆ ಹತ್ತಿರವಾಯಿತು. ಬಾಣಂತನಕ್ಕೆಂದು ಅಮ್ಮ ನಮ್ಮ ಮನೆಗೆ ಬಂದಳು. ಒಂದು ಮಧ್ಯಾಹ್ನ ದೊಡ್ಡಮ್ಮನೂ ಬೊಂತೆಯ ಗಂಟು ಹೊತ್ತು ಬಂದಿಳಿದರು. ಮಣಿಕಟ್ಟು ಊದಿಕೊಂಡಿತ್ತು, ಬೊಂತೆ ಮುಗಿದಿರಲಿಲ್ಲ. ಅದನ್ನು ಹಜಾರದಲ್ಲಿ ಹಾಸಿ, ಹಲ್ಲು ಕಚ್ಚಿಕೊಂಡು ಸೂಜಿ ಚುಚ್ಚತೊಡಗಿದರು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಒಂದು ಸೂಜಿಗೆ ದಾರ ಪೋಣಿಸಿಕೊಂಡು ಬಂದು ಎದುರಿನ ಅಂಚಿನಲ್ಲಿ ಕುಳಿತಳು.

“ನಿಮ್ಮ ದೊಡ್ಡಮ್ಮಂಗೆ ಹೇಳು, ಮೊಮ್ಮಗಳಿಗೋಸ್ಕರ ಕೂತಿರೋದು ಅಂತ.”

“ನಿಮ್ಮಮ್ಮಂಗೆ ಹೇಳು, ದಾರ ಅಷ್ಟು ಬಿಗಿಯಾಗಿ ಎಳೀಬೇಡ ಅಂತ.”

“ಹೇಳಿಸ್ಕೊಂಡು ಹೊಲಿಯೋಷ್ಟು ದಡ್ಡಿ ಅಲ್ಲ ಅಂತ ಹೇಳು.”

“ಊರ್ಕೋವೇ!” ಎಂದು ದೊಡ್ಡಮ್ಮ ತೆಲುಗಿನಲ್ಲಿ ಗದರಿದರು. ಸುಮ್ಮನಿರು ಎಂದು ಗದರಲು ಅವರಿಗೆ ಯಾವಾಗಲೂ ತೆಲುಗೇ ಬೇಕು. ಅದು ನನಗೋ ಅಮ್ಮನಿಗೋ ತಿಳಿಯದೆ ನಾನು ಎದ್ದು ಅಡುಗೆಮನೆಗೆ ಹೋದೆ.

ಬೊಂತೆಯನ್ನು ಹೊಲಿಯುವುದು ಅಂಚಿನಿಂದ ಒಳಕ್ಕೆ. ಒಂದು ಸಾಲು ಮುಗಿದರೆ ಕೊಂಚ ಮುಂದೆ ಸರಿದು ಮುಂದಿನ ಸಾಲು. ಎರಡು ಕಡೆಯಿಂದ ಇಬ್ಬರು ಕುಳಿತರೆ, ಬೇಕೋ ಬೇಡವೋ, ನಡುವೆ ಎದುರಾಗಲೇಬೇಕು. ಸಂಜೆ ನಾನು ಕಾಫಿ ತರುವ ಹೊತ್ತಿಗೆ ಅಕ್ಕತಂಗಿಯರ ಮೊಣಕಾಲುಗಳು ತಾಗುತ್ತಿದ್ದವು. ಇಬ್ಬರ ಮಧ್ಯೆ ಉಳಿದಿದ್ದದ್ದು ಆ ಕೆಂಪು ತುಂಡೊಂದೇ. ಅಮ್ಮ ಹೊಲಿಯುವುದನ್ನು ನಿಲ್ಲಿಸಿ ಅದರ ಮೇಲೆ ಅಂಗೈ ಇಟ್ಟಿದ್ದಳು. ದೊಡ್ಡಮ್ಮ ಆ ಕೈಯನ್ನೇ ನೋಡುತ್ತಿದ್ದರು.

“ಇಷ್ಟೇ ಇಷ್ಟು ಸಾಕಾಯ್ತಾ?” ಎಂದಳು ಅಮ್ಮ, ನನ್ನ ಕಡೆ ನೋಡದೆ. “ಇನ್ನೊಂದು ಗೇಣು ಕತ್ತರಿಸ್ಕೋಬಾರದಾಗಿತ್ತೇನಕ್ಕಾ?”

ಯಾರ ಮಾತಿಗೂ ಎದುರು ಮಾತು ಆಡದೆ ಬಿಡದ ನಮ್ಮ ದೊಡ್ಡಮ್ಮ ಅವತ್ತು ಊದಿದ ಕೈಯನ್ನು ತಂಗಿಯ ಕೈಮೇಲೆ ಇಟ್ಟು ಮಗುವಿನಂತೆ ಅತ್ತುಬಿಟ್ಟರು.